ಮಾರ್ಚ್ ತಿಂಗಳ ಮೂರನೇ ಶನಿವಾರ

ಹೀತ್ ಟ್ರೆಜೀಸ್ ತನ್ನ ಮದುವೆಗೆ ತಮ್ಮ ಡೇಮನ್‌ನನ್ನು ಕರೆಯುತ್ತಾನಂತೆ, ಕರೆಯುವುದಷ್ಟೇ ಅಲ್ಲ, ಮದುಮಗನ ಜೊತೆಗಾರನಾಗಿ ಪಕ್ಕದಲ್ಲೇ ನಿಲ್ಲಿಸಿಕೊಂಡು ಉಂಗುರವನ್ನೂ ಅವನ ಕೈಗೇ ಕೊಡುತ್ತಾನಂತೆ ಎಂಬ ಸುದ್ದಿ ಡಿಸೆಂಬರಿನಲ್ಲಿ ಹಬ್ಬಿದಾಗ ನಮ್ಮ ಕಡಲತೀರದ ಹಾರ್ಗನ್ ಬೇಯ ಅರ್ಧ ಊರು ಕಣ್ಣೊರೆಸಿಕೊಂಡಿತು. ಎಂಥ ದೊಡ್ಡ ಮನಸ್ಸು ಎಂದರು. ಅವರಮ್ಮ ಗ್ಲೆನಿಸ್ ಅಂಗಡಿಯಲ್ಲಿ ಹಾಲಿನ ಡಬ್ಬಿ ಹಿಡಿದುಕೊಂಡು ನಿಂತಲ್ಲೇ ಅತ್ತಳು. ನಾನು ಮಾತ್ರ ಅಳಲಿಲ್ಲ. ಹೀತ್‌ನನ್ನು ತೊಟ್ಟಿಲಲ್ಲಿ ಕಂಡವಳು ನಾನು. ಏಳು ವರ್ಷದವನಿದ್ದಾಗ, ಗಾಳ ಕಡಿದುಕೊಂಡು ಹೋದ ಒಂದು ಮೀನಿಗಾಗಿ ಅವನು ಬೇಸಿಗೆ ರಜೆಯೆಲ್ಲ ದೋಣಿ ಕಟ್ಟುವ ಜೆಟ್ಟಿಯ ಅದೇ ಕಂಬದ ಹತ್ತಿರ ಕಾದು ಕೂತಿದ್ದ. ಅಂಥವನು ಸುಮ್ಮಸುಮ್ಮನೆ ಯಾರನ್ನೂ ಕ್ಷಮಿಸುವುದಿಲ್ಲ.

ನಡೆದದ್ದು ಇಷ್ಟು. ಅದಕ್ಕೆ ನಾಲ್ಕು ವರ್ಷ ಮೊದಲು ಹೀತ್‌ಗೂ ಟೆಗನ್ ಎಂಬ ಹುಡುಗಿಗೂ ಮದುವೆ ಗೊತ್ತಾಗಿತ್ತು. ಮಾರ್ಚ್ ತಿಂಗಳ ಮೂರನೇ ಶನಿವಾರ, ನಮ್ಮೂರ ಸಭಾಭವನದಲ್ಲಿ. ಆ ವಾರದ ಮಂಗಳವಾರ ಹೀತ್ ತನ್ನ ಸೂಟು, ತಮ್ಮನ ಸೂಟು ಎರಡನ್ನೂ ತರಲು ಪೋರ್ಟ್ ಲಿಂಕನ್‌ಗೆ ಹೋಗಿದ್ದ. ಅವನು ವಾಪಸ್ ಬರುವಷ್ಟರಲ್ಲಿ ಟೆಗನ್ ಡೇಮನ್‌ನ ಗಾಡಿ ಹತ್ತಿ ಪಶ್ಚಿಮದ ದಾರಿ ಹಿಡಿದಾಗಿತ್ತು. ಹೀತ್ ಸೂಟುಗಳನ್ನು ಅಮ್ಮನ ಬಾಗಿಲಿಗೆ ನೇತುಹಾಕಿ, ತನ್ನ ಸಿಂಪಿ ತೋಟಕ್ಕೆ, ಅಂದರೆ ಕೊಲ್ಲಿಯ ನೀರಿನಲ್ಲಿ ಸಿಂಪಿ ಬೆಳೆಸುವ ಕಂಬಗಳ ಸಾಲಿಗೆ ಹೋಗಿ ಮೂರು ದಿನ ದೋಣಿಯಲ್ಲೇ ಇದ್ದುಬಿಟ್ಟ. ನೂರ ನಲವತ್ತು ಜನಕ್ಕೆ ಫೋನ್ ಮಾಡಿ, ಮದುವೆ ಇಲ್ಲ, ಬರಬೇಡಿ ಎಂದವರು ಗ್ಲೆನಿಸ್ ಮತ್ತು ನಾನು.

ಎರಡು ವರ್ಷವಾದ ಮೇಲೆ ಟೆಗನ್ ಡೇಮನ್‌ನನ್ನೂ ಬಿಟ್ಟು ಪರ್ತ್‌ಗೆ ಹೋದಳು. ಡೇಮನ್ ಅವರಿವರ ದೋಣಿಗಳಲ್ಲಿ ದುಡಿದು ಅಲೆದಾಡಿ, ಆ ಡಿಸೆಂಬರಿಗೆ ಕೆಲವು ತಿಂಗಳ ಮೊದಲು ಊರಿಗೆ ಬಂದು ಅಮ್ಮನ ಹಿತ್ತಲಿನ ಶೆಡ್ಡಿನಲ್ಲಿ ಉಳಿದುಕೊಂಡ. ಊರಿನವರು ಅವನನ್ನು ಮಾತಾಡಿಸಲಿಲ್ಲ. ಪಬ್‌ನಲ್ಲಿ ಅವನು ಕೂತರೆ ಪಕ್ಕದ ಎರಡು ಸ್ಟೂಲು ಖಾಲಿಯಾಗುತ್ತಿದ್ದವು. ಅವನು ಎದುರು ಬಂದರೆ ನಾನು ರಸ್ತೆ ದಾಟುತ್ತಿದ್ದೆ. ನನ್ನ ಗಂಡ ಕಾಲಿನ್ ನನ್ನ ಚಿಕ್ಕಪ್ಪನ ಮಗಳ ಜೊತೆ ಓಡಿಹೋಗಿ ಇಪ್ಪತ್ತು ವರ್ಷವಾಯಿತು. ಅವನು ಕೈಗೆ ಸಿಗಲಿಲ್ಲ. ಡೇಮನ್ ಸಿಕ್ಕ.

ಈ ಸಲದ ಮದುಮಗಳು ಮಾರ್ನಿ ನೊಸ್ಕೆ. ಎರಡು ವರ್ಷದ ಹಿಂದೆ ವೈಯಾಲಾದಿಂದ ಬಂದ ನಮ್ಮ ಸುತ್ತಮುತ್ತಲ ಊರುಗಳ ನರ್ಸು. ಬೆಳಿಗ್ಗೆಯಿಂದ ಸಂಜೆಯವರೆಗೆ ನೂರಾರು ಕಿಲೋಮೀಟರ್ ಓಡಾಡಿ ಮುದುಕರ ಕಾಲಿನ ಹುಣ್ಣು ತೊಳೆಯುವವಳು, ಕಡಿಮೆ ಮಾತಿನವಳು, ಚುರುಕು ಕಣ್ಣಿನವಳು. ಹೀತ್‌ನ ಹಳೆಯ ಕತೆ ಅವಳಿಗೆ ಮೇಲುಮೇಲೆ ಗೊತ್ತಿತ್ತು. ಮದುವೆಯ ಕೆಲಸವನ್ನು ಇಬ್ಬರೂ ಹಂಚಿಕೊಂಡಿದ್ದರು. ಅವಳ ಉಡುಪು, ಹೂವು, ಕೇಕು ಅವಳ ಪಾಲಿಗೆ. ಉಳಿದದ್ದೆಲ್ಲ, ಅಂದರೆ ಸಭಾಭವನ, ಊಟ, ಬ್ಯಾಂಡು, ಕಾರು, ಸೂಟು, ಉಂಗುರ, ಮದುವೆ ಮಾಡಿಸುವ ಯವೊನ್ ಮೇಡಂ, ಎಲ್ಲ ಮದುಮಗನ ಪಾಲಿಗೆ.

"ಬೇರೆ ಹುಡುಗೀರು ಗಂಡನ್ನ ಎಬ್ಬಿಸಿ ಎಬ್ಬಿಸಿ ಕೆಲಸ ಮಾಡಿಸ್ತಾರೆ ಬೆವ್," ಎಂದಿದ್ದಳು ನನ್ನ ರಕ್ತದೊತ್ತಡ ನೋಡುತ್ತಾ. "ನನಗೆ ಅದರ ಗೋಳೇ ಇಲ್ಲ. ನಾನು ಕೇಳೋ ಮುಂಚೆನೇ ಎಲ್ಲ ಮುಗಿಸಿರ್ತಾನೆ."

"ಅದೃಷ್ಟ ಮಾಡಿದ್ದೀಯ ಕಣೆ," ಎಂದೆ ನಾನು.

ಹೀತ್ ಮುಗಿಸುತ್ತಿದ್ದುದು ತಮ್ಮನ ಕೈಯಿಂದ. ಸಭಾಭವನದ ಬೀಗದ ಕೈಯೂ ಕಾಯ್ದಿರಿಸುವ ಪುಸ್ತಕವೂ ನನ್ನ ಹತ್ತಿರ ಇರುತ್ತವೆ. ಜನವರಿಯ ಒಂದು ಬೆಳಿಗ್ಗೆ ಡೇಮನ್ ಬಾಗಿಲಲ್ಲಿ ನಿಂತ. ಒಳಗೆ ಬಾ ಎಂದು ನಾನು ಹೇಳಲಿಲ್ಲ.

"ಹೀತ್ ಕಳಿಸಿದಾನೆ. ಮಾರ್ಚ್ ಮೂರನೇ ಶನಿವಾರಕ್ಕೆ ಹಾಲ್ ಬೇಕಂತೆ."

ನನ್ನ ಪೆನ್ನು ನಿಂತಿತು. "ಯಾವ ಶನಿವಾರ?"

"ಮೂರನೇದು," ಎಂದ. ನೆಲ ನೋಡುತ್ತಿದ್ದ.

"ಊಟ?"

"ಕುರಿ. ಇಡೀ ಸುಟ್ಟಿದ್ದು. ಆಮೇಲೆ ಸಿಹಿಗೆ ಪಾವ್ಲೋವಾ. ಮೇಜು ಉದ್ದಕ್ಕೆ ಮೂರು ಸಾಲು, ಗುಂಡಗಿಂದು ಬೇಡ. ಬ್ಯಾಂಡು ಸೆಡೂನಾದವರು."

ನಾಲ್ಕು ವರ್ಷದ ಹಿಂದಿನದೇ. ಒಂದು ಚಮಚೆಯೂ ಬದಲಾಗಿರಲಿಲ್ಲ. ಹೀತ್ ಏನು ಮಾಡುತ್ತಿದ್ದಾನೆ ಎಂದು ನನಗೆ ಆ ಕ್ಷಣಕ್ಕೆ ಹೊಳೆಯಿತು. ತಮ್ಮ ಮುರಿದು ಹಾಕಿದ ಮದುವೆಯನ್ನು ತಮ್ಮನ ಕೈಯಿಂದಲೇ ಒಂದೊಂದಾಗಿ ಕಟ್ಟಿಸುತ್ತಿದ್ದ. ಅಂದು ಯಾರ ಯಾರ ಕೆಲಸ ಹಾಳಾಯಿತೋ ಅವರೆಲ್ಲರ ಬಾಗಿಲಿಗೆ ಅವನನ್ನು ಕಳಿಸುತ್ತಿದ್ದ. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಪುಸ್ತಕವನ್ನು ಅವನ ಕಡೆ ತಿರುಗಿಸಿದೆ.

"ನೀನೇ ಬರಿ. ಬರೆದದ್ದನ್ನ ಓದಿ ಹೇಳು. ಹೋದ ಸಲ ಗೊಂದಲ ಆಗಿತ್ತು ನೋಡು."

ಅವನು ಬರೆದ. ಓದಿದ. ಜೋರಾಗಿ ಓದು ಎಂದೆ. ಜೋರಾಗಿ ಓದಿದ. ಥ್ಯಾಂಕ್ಸ್ ಬೆವ್ ಎಂದು ಹೇಳಿ ಹೋದ. ಆ ದಿನ ನಾನು ಎರಡು ಕಪ್ ಟೀ ಕುಡಿದೆ.

ಇದು ಹಳೆಯ ಮದುವೆಯದೇ ತಾರೀಖು ಎಂದು ಮಾರ್ನಿಗೆ ಗೊತ್ತಿದೆಯೋ ಇಲ್ಲವೋ ಎಂದು ನಾನು ಯೋಚಿಸಲಿಲ್ಲವೆಂದಲ್ಲ. ಯೋಚಿಸಿದೆ. ಗೊತ್ತಿರಬಹುದು ಎಂದು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಊರಿನಲ್ಲಿ ಎಲ್ಲರೂ ಅದನ್ನೇ ಮಾಡಿದರು.

ಆಮೇಲಿನ ಎರಡು ತಿಂಗಳು ಡೇಮನ್ ಬಾಗಿಲಿಂದ ಬಾಗಿಲಿಗೆ ಹೋದ. ಕಟುಕರ ಅಂಗಡಿಯಲ್ಲಿ ಅವನನ್ನು ಹೊರಗೆ ಬಿಸಿಲಲ್ಲಿ ಒಂದು ಗಂಟೆ ಕಾಯಿಸಿದರು. ಸೂಟು ಹೊಲಿಯುವ ಮುದುಕ ಅವನ ಅಳತೆ ತೆಗೆದುಕೊಳ್ಳುತ್ತಾ, ಕುತ್ತಿಗೆ ಅಳತೆ ಅದೇ ಇದೆ, ನಾಚಿಕೆಯಿಂದ ಒಂದಿಂಚೂ ಸಣ್ಣ ಆಗಿಲ್ಲ ಎಂದನಂತೆ. ಯವೊನ್ ಮೇಡಂ ಹಿಂದೆ ಅವನ ಶಾಲೆಯ ಹೆಡ್ ಮಿಸ್ಟ್ರೆಸ್ ಆಗಿದ್ದವಳು. ಅವಳು ಕನ್ನಡಕದ ಮೇಲಿಂದ ನೋಡಿ ಕೇಳಿದಳು: "ಉಂಗುರ ನಿನ್ನ ಹತ್ರ ಇರತ್ತಂತೆ. ಎಲ್ಲಿಗೂ ಓಡಲ್ಲ ಅಲ್ವಾ?" ಇಲ್ಲ ಮೇಡಂ ಎಂದನಂತೆ ಅವನು, ಶಾಲೆಯ ಹುಡುಗನ ಹಾಗೆ. ಇದೆಲ್ಲ ಪಬ್‌ನಲ್ಲಿ ನಗುವಿನ ಜೊತೆ ಹಂಚಿಕೆಯಾಗುತ್ತಿತ್ತು. ಪ್ರತಿ ಸಲವೂ ಅವನು ಹೋಗಿ ಬಂದ ಮೇಲೆ ಹೀತ್ ಅವರಿಗೆ ಫೋನ್ ಮಾಡಿ ಡೇಮನ್ ಬಂದಿದ್ದನಾ, ಏನಂದ, ನೀವು ಏನಂದಿರಿ ಎಂದು ಕೇಳುತ್ತಿದ್ದ. ನನಗೂ ಮಾಡಿದ್ದ.

"ಜೋರಾಗಿ ಓದಿಸಿದೆ," ಎಂದೆ.

"ನೀನು ಬಿಡ್ತೀಯಾ ಬೆವ್," ಎಂದು ನಕ್ಕ. ಎಷ್ಟೋ ವರ್ಷಗಳಿಂದ ಅವನು ಹಾಗೆ ನಕ್ಕಿರಲಿಲ್ಲ.

ಎಡವಟ್ಟಾದದ್ದು ಕೇಕಿನಲ್ಲಿ. ಕೇಕು ಮಾರ್ನಿಯ ಪಾಲಿನ ಕೆಲಸ. ಫೆಬ್ರವರಿಯಲ್ಲೇ ಅವಳು ಬೇಕರಿಯ ವಿಲ್ಮಾಗೆ ಫೋನ್‌ನಲ್ಲಿ ಚಾಕೊಲೇಟ್ ಕೇಕು ಹೇಳಿದ್ದಳು. ಮದುವೆಯ ವಾರದ ಮಂಗಳವಾರ ಮಧ್ಯಾಹ್ನ ನೋಡಿಕೊಂಡು ಬರೋಣವೆಂದು ಹೋದಳು. ವಿಲ್ಮಾ ಮೂರಂತಸ್ತಿನ ನಿಂಬೆ ಕೇಕು ತೋರಿಸಿದಳು. ಸುತ್ತ ಸಕ್ಕರೆಯ ಸಿಂಪಿ ಚಿಪ್ಪುಗಳು.

"ನಾನು ಹೇಳಿದ್ದು ಇದಲ್ಲ ವಿಲ್ಮಾ."

"ಆಮೇಲೆ ಡೇಮನ್ ಬಂದು ಬದಲಾಯಿಸಿದ್ನಲ್ಲಮ್ಮ. ಹೋದ ಸಲದ್ದೇ ಇರ್ಲಿ ಅಂತ ಹೀತ್ ಹೇಳಿದಾನೆ ಅಂದ. ನಿನಗೂ ಗೊತ್ತು ಅಂದ್ಕೊಂಡೆ."

ಅಲ್ಲಿಂದ ಮಾರ್ನಿ ನೇರ ನನ್ನ ಮನೆಗೆ ಬಂದಳು. ಕೆಲಸದ ಬಟ್ಟೆಯಲ್ಲೇ ಇದ್ದಳು. ಕೂರಲಿಲ್ಲ.

"ಹಾಲ್ ಪುಸ್ತಕ ಕೊಡು ಬೆವ್."

"ಯಾಕಮ್ಮ?"

"ಕೊಡು."

ಕೊಟ್ಟೆ. ಅವಳು ಈ ವರ್ಷದ ಪುಟ ತೆಗೆದು ಓದಿದಳು. ಆಮೇಲೆ ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋದಳು. ನಾಲ್ಕು ವರ್ಷದ ಹಿಂದಿನ ಪುಟದ ಮೇಲೆ ನಾನೇ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೆ. ಅದರಡಿ ಅಕ್ಷರ ಚೆನ್ನಾಗಿಯೇ ಕಾಣುತ್ತಿತ್ತು. ಕುರಿ, ಪಾವ್ಲೋವಾ, ಮೂರು ಸಾಲು ಮೇಜು, ಸೆಡೂನಾದ ಬ್ಯಾಂಡು. ಎರಡು ಪುಟಗಳ ಮಧ್ಯೆ ಬೆರಳಿಟ್ಟು ನನ್ನ ಕಡೆ ತಿರುಗಿದಳು.

"ನಿನಗೆ ಜನವರಿಯಿಂದ ಗೊತ್ತಿತ್ತು."

"ನಿನಗೂ ಗೊತ್ತಿರತ್ತೆ ಅಂತ..."

"ಬೆವ್, ನಾನು ಪ್ರತಿ ಗುರುವಾರ ನಿನ್ನ ಮನೇಲಿ ಟೀ ಕುಡಿದಿದ್ದೀನಿ."

ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು, "ಹೀತ್ ಡೇಮನ್ ಕೈಲಿ ಇನ್ನೇನೇನು ಮಾಡಿಸ್ತಿದಾನೆ ಅಂತ ನಿನಗೆ ಗೊತ್ತಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು. ಅವಳು ಗ್ಲೆನಿಸ್‌ಳ ಹಿತ್ತಲಿನ ಶೆಡ್ಡಿನ ಕಡೆ ಹೋದದ್ದನ್ನು ಕಿಟಕಿಯಿಂದ ನೋಡಿದೆ.

ಗುರುವಾರ ಸಂಜೆ ನಾಲ್ಕಕ್ಕೆ ಸಭಾಭವನದಲ್ಲಿ ತಾಲೀಮು ಇತ್ತು. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ನಡೆಯಬೇಕು ಎಂದು ಯವೊನ್ ಮೇಡಂ ತೋರಿಸುತ್ತಿದ್ದಳು. ಹೀತ್, ಡೇಮನ್, ಗ್ಲೆನಿಸ್, ಮಾರ್ನಿ, ವೈಯಾಲಾದಿಂದ ಬಂದಿದ್ದ ಅವಳ ಅಪ್ಪ ಅಮ್ಮ, ಬಾಗಿಲ ಬಳಿ ನಾನು. ಹೊರಗೆ ಉತ್ತರದ ಬಿಸಿಗಾಳಿ ತಗಡಿನ ಚಾವಣಿಯನ್ನು ಕಟಕಟ ಅನ್ನಿಸುತ್ತಿತ್ತು. ಮಾರ್ನಿ ಹೇಳಿದ ಕಡೆ ನಿಂತಳು, ಹೇಳಿದಾಗ ನಡೆದಳು. ಎರಡು ದಿನದಿಂದ ಅವಳು ಹೀತ್‌ಗೆ ಏನೂ ಹೇಳಿಲ್ಲ ಎಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವನು ಸಿಳ್ಳೆ ಹಾಕುತ್ತಿದ್ದ.

ಎಲ್ಲ ಮುಗಿದ ಮೇಲೆ ಅವಳು, "ಜೊತೆಗಾರನ ಭಾಷಣನೂ ಒಂದ್ಸಲ ಆಗಿಬಿಡ್ಲಿ," ಎಂದಳು.

"ಅದು ಶನಿವಾರಕ್ಕೆ," ಎಂದ ಹೀತ್.

"ಈಗ್ಲೇ. ಡೇಮನ್, ಓದಪ್ಪ."

ಡೇಮನ್ ಅಣ್ಣನ ಮುಖ ನೋಡಿದ. ಹೀತ್ ಭುಜ ಹಾರಿಸಿದ. ಡೇಮನ್ ಜೇಬಿನಿಂದ ಎರಡು ಹಾಳೆ ತೆಗೆದ. ಹೀತ್‌ನ ಕೈಬರಹ, ಅವನು ಸಿಂಪಿ ಚೀಲಗಳ ಮೇಲೆ ಗುರುತು ಹಾಕುವಂಥ ದಪ್ಪ ಅಕ್ಷರ. ಡೇಮನ್ ಓದತೊಡಗಿದ.

"ನಾನು ಡೇಮನ್. ಅಣ್ಣನ ಹೆಂಡತಿಯಾಗಬೇಕಿದ್ದ ಟೆಗನ್‌ಳನ್ನು ಕದ್ದವನು. ಕದ್ದದ್ದನ್ನು ಉಳಿಸಿಕೊಳ್ಳಲೂ ಬಾರದವನು. ಈ ಊರಿನಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ, ಕೂರಬಾರದು ಕೂಡ..."

ಅವನು ಒಂದು ಮಾತನ್ನೂ ಬಿಡದೆ ಓದಿದ. ಟೆಗನ್ ಅವನನ್ನು ಬಿಟ್ಟುಹೋಗುವಾಗ ಏನು ಬೈದಳೋ ಅದೂ ಅದರಲ್ಲಿತ್ತು. ಹೀತ್ ಅದನ್ನು ಯಾರಿಂದ ತಿಳಿದುಕೊಂಡನೋ. ಡೇಮನ್ ಅಣ್ಣನ ದೋಣಿಯ ಕೆಳಗೆ ಅಂಟಿಕೊಳ್ಳುವ ಪಾಚಿ ಎಂದಿತ್ತು. ಅಪ್ಪ ಸತ್ತದ್ದು ಒಳ್ಳೆಯದಾಯಿತು, ಇವನ ಮುಖ ನೋಡುವ ಕರ್ಮ ತಪ್ಪಿತು ಎಂದಿತ್ತು. ಅಲ್ಲಿ ಅವನು ಓದು ನಿಲ್ಲಿಸಿದ. ನೀರು ಕುಡಿದು ಮತ್ತೆ ಅದೇ ಸಾಲಿನಿಂದ ಓದಿದ.

ಮುಗಿದಾಗ ಗ್ಲೆನಿಸ್ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದಳು. "ನಿಮ್ಮಪ್ಪನ ಸಾವಿನ ಮಾತೂ ನೀನೇ ಬರೆದ್ಯಾ ಹೀತ್?"

"ಬರೆದೆ. ನಾಲ್ಕು ವರ್ಷ ಬರೆದೆ." ಹೀತ್‌ನ ಮುಖದಲ್ಲಿ ನಾಚಿಕೆ ಇರಲಿಲ್ಲ. "ಇಲ್ಲಿ ಓದಿದ್ರೆ ಏನೂ ಆಗ್ಲಿಲ್ಲಮ್ಮ. ಆ ನೂರ ನಲವತ್ತು ಜನದ ಮುಂದೆ ಓದ್ಬೇಕು. ನಾನು ಅವರ ಮುಂದೆ ಮುಖ ಎತ್ಕೊಂಡು ನಾಲ್ಕು ವರ್ಷ ಓಡಾಡಿದ್ದೀನಿ. ಇವನೂ ಒಂದಿನ ಎತ್ತಲಿ."

"ಓದ್ತೀನಿ ಅಂದಿದ್ದೀನಲ್ಲ," ಎಂದ ಡೇಮನ್, ಹಾಳೆ ಮಡಚುತ್ತಾ.

"ಯಾಕೆ ಒಪ್ಕೊಂಡೆ?" ಎಂದು ಕೇಳಿದಳು ಮಾರ್ನಿ. "ನನಗೆ ಹೇಳಿದ್ದನ್ನ ಅವನಿಗೂ ಹೇಳು."

ಡೇಮನ್ ಹಾಳೆಗಳನ್ನು ಜೇಬಿಗೆ ಸೇರಿಸಿದ. "ನಾಲ್ಕು ವರ್ಷ ಅವನು ನನ್ನ ಜೊತೆ ಒಂದು ಮಾತಾಡಿರ್ಲಿಲ್ಲ. ಡಿಸೆಂಬರಿಂದ ದಿನಾ ಫೋನ್ ಮಾಡ್ತಾನೆ. ಬೈಯೋಕೇ ಮಾಡ್ತಾನೆ. ಆದ್ರೂ ದಿನಾ ಮಾಡ್ತಾನೆ."

ಹೀತ್ ಅವನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಹೊಡೆಯುತ್ತಾನೆ ಎಂದುಕೊಂಡೆ. ಇಷ್ಟು ದಿನ ಕುಟ್ಟಿದ್ದು ನೋಯಿಸಲಿಲ್ಲ, ಅದನ್ನೇ ಇವನು ತಿಂದುಕೊಂಡು ಬದುಕುತ್ತಿದ್ದ ಎಂದು ತಿಳಿದವನ ಸಿಟ್ಟು ಅದು. "ನಾಟಕ ಆಡ್ಬೇಡ," ಎಂದ. ಅದನ್ನೇ ಇನ್ನೊಂದು ಸಲ ಹೇಳಿದ.

ಮಾರ್ನಿ ಅವನ ಎದುರು ಬಂದು ನಿಂತಳು.

"ಎರಡು ಹಾಳೇಲಿ ಟೆಗನ್ ಹೆಸರು ಏಳು ಸಲ ಬಂತು. ನನ್ನ ಹೆಸರು ಒಂದು ಸಲನೂ ಇಲ್ಲ."

"ಅದು ಇವನ ಭಾಷಣ ಮಾರ್ನಿ, ನಿನಗೂ ಅದಕ್ಕೂ..."

"ಅವಳ ತಾರೀಖು. ಅವಳ ಊಟ. ಅವಳ ಕೇಕು. ನಾನು ಆರಿಸಿದ ಒಂದು ಕೇಕನ್ನೂ ಬಿಡಲಿಲ್ಲ ನೀನು. ನನ್ನ ಉಡುಪಿನ ಅಳತೆ ಮಾತ್ರ ಕೇಳಲಿಲ್ಲ, ಕೇಳಿದ್ರೆ ಅದನ್ನೂ ಅವಳದಕ್ಕೆ ಹೊಂದಿಸ್ತಿದ್ಯೇನೋ."

"ಮದುವೆ ಆದ್ಮೇಲೆ ಇದೆಲ್ಲ ಮುಗಿದುಹೋಗತ್ತೆ ಅಂತ..."

"ಶನಿವಾರ ಮದುವೆ ಇಲ್ಲ." ಅವಳ ಧ್ವನಿ ಒಂದು ಗೆರೆಯೂ ಏರಲಿಲ್ಲ. "ಹೋದ ಸಲ ನೀನು ದೋಣಿ ಹತ್ತಿ ಹೋದೆ, ಬೇರೆಯವರು ಫೋನ್ ಮಾಡಿದ್ರು. ಈ ಸಲ ನೀನೇ ಮಾಡು. ಅಮ್ಮನ ಕೈಲಿ ಬೇಡ, ಬೆವ್ ಕೈಲಿ ಬೇಡ, ಡೇಮನ್ ಕೈಲಂತೂ ಬೇಡ. ಯಾಕೆ ನಿಂತುಹೋಯ್ತು ಅಂತ ಒಬ್ಬೊಬ್ರಿಗೂ ನಿಜ ಹೇಳು. ಸುಳ್ಳು ಹೇಳಿದ್ರೆ ನನಗೆ ಗೊತ್ತಾಗತ್ತೆ. ಈ ಊರಲ್ಲಿ ಎಲ್ರ ಬ್ಯಾಂಡೇಜ್ ಬಿಚ್ಚೋಳು ನಾನು."

ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಗೆ ನಡೆದಳು. ನನ್ನ ಪಕ್ಕದಿಂದಲೇ ಹೋದಳು. ನನ್ನ ಕಡೆ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆಯಿಂದ ಹೀತ್ ಗ್ಲೆನಿಸ್‌ಳ ಅಡುಗೆಮನೆಯಲ್ಲಿ ಕೂತು ಫೋನ್ ಮಾಡಿದ. ಗ್ಲೆನಿಸ್ ಆಮೇಲೆ ಹೇಳಿದಳು: ಮೊದಲ ಹತ್ತು ಜನಕ್ಕೆ ಏನೇನೋ ತೊದಲಿದನಂತೆ. ಹನ್ನೊಂದನೆಯವರಿಗೆ, "ನಾನು ತಮ್ಮನ ಮೇಲಿನ ಸೇಡಿಗೆ ಮದುವೆ ಇಟ್ಕೊಂಡಿದ್ದೆ, ಹುಡುಗಿಗೆ ಗೊತ್ತಾಯ್ತು," ಎಂದನಂತೆ. ಆಮೇಲೆ ಅದೇ ಮಾತನ್ನು ಸಂಜೆಯವರೆಗೆ ಹೇಳಿದ. ಕೆಲವರು ನಕ್ಕರು. ಅವನ ಅತ್ತೆಯೊಬ್ಬಳು ಅರ್ಧ ಗಂಟೆ ಬೈದಳು. ಕಟುಕ ಮಾತ್ರ, ಡೇಮನ್ ಓದೋದನ್ನ ಕೇಳೋಕೆ ಕಾಯ್ತಿದ್ದೆ ಮಾರಾಯ, ಹಾಳು ಮಾಡಿಬಿಟ್ಟೆ ಎಂದನಂತೆ. ಫೋನ್ ಇಟ್ಟ ಮೇಲೆ ಹೀತ್ ಬಹಳ ಹೊತ್ತು ಆ ಮಾತನ್ನೇ ಯೋಚಿಸುತ್ತಾ ಕೂತಿದ್ದನಂತೆ.

ಮಾರ್ನಿ ಊರು ಬಿಟ್ಟು ಹೋಗುತ್ತಾಳೆ ಎಂದುಕೊಂಡವರಿಗೆ ನಿರಾಸೆಯಾಯಿತು. ಸೋಮವಾರ ಬೆಳಿಗ್ಗೆ ಏಳಕ್ಕೆ ಅವಳ ಕಾರು ಎಂದಿನಂತೆ ಹೊರಟಿತು. ಏಪ್ರಿಲ್‌ನಲ್ಲಿ ಹೀತ್ ಸಿಂಪಿ ಬಿಡಿಸುವ ಚಾಕುವಿನಿಂದ ಅಂಗೈ ಸೀಳಿಕೊಂಡು ಅವಳ ಹತ್ತಿರವೇ ಹೋಗಬೇಕಾಯಿತು. ಆರು ಹೊಲಿಗೆ ಹಾಕಿದಳಂತೆ. ನೋಯ್ತಿದೆಯಾ ಎಂದು ಕೇಳಿದ್ದು ಬಿಟ್ಟರೆ ಬೇರೆ ಮಾತಿಲ್ಲ. ಹತ್ತು ದಿನದ ಮೇಲೆ ಹೊಲಿಗೆ ಬಿಚ್ಚಿಸಿಕೊಳ್ಳಲು ಹೋದಾಗ ಅವನು ಬಾಯಿ ಬಿಟ್ಟು ಕೇಳಿದ, ನನ್ನನ್ನು ಮದುವೆ ಆಗ್ತೀಯಾ ಎಂದು, ಎರಡನೇ ಸಲ.

ಮದುವೆಗೆ ಒಂದು ತಿಂಗಳಾದರೂ ಮೊದಲೇ ಇಬ್ಬರೂ ಸಹಿ ಮಾಡಿ ಯವೊನ್ ಮೇಡಂಗೆ ಕೊಡುವ ಕಾಗದ ಒಂದಿದೆ. ಅದಕ್ಕೆ ಹದಿನೆಂಟು ತಿಂಗಳ ಆಯಸ್ಸು. ಮಾರ್ನಿ ಅದನ್ನು ವಾಪಸ್ ತೆಗೆದುಕೊಂಡಿರಲಿಲ್ಲ.

"ಆಗ್ತೀನೋ ಇಲ್ವೋ ಆ ಕಾಗದ ಸಾಯೋದ್ರೊಳಗೆ ಹೇಳ್ತೀನಿ," ಎಂದಳಂತೆ. "ಆದ್ರೆ ದಿನ ನಂದು, ಜಾಗ ನಂದು, ಊಟ ನಂದು. ನೀನು ಏನನ್ನೂ ಏರ್ಪಾಡು ಮಾಡಂಗಿಲ್ಲ. ಕರೆದಾಗ ಬರ್ಬೇಕು. ಅದಷ್ಟೇ ಮದುಮಗನ ಕೆಲಸ."

ಅವನು ಕಾದ. ಅದನ್ನು ನಾವೆಲ್ಲ ನೋಡಿದೆವು. ಮೊದಮೊದಲು ಪ್ರತಿ ಶನಿವಾರ ಗಡ್ಡ ಹೆರೆದುಕೊಂಡು ಇಸ್ತ್ರಿ ಮಾಡಿದ ಅಂಗಿ ತೊಡುತ್ತಿದ್ದ. ಫುಟ್‌ಬಾಲ್ ಪಂದ್ಯದ ಮಧ್ಯೆ ಅವಳ ಕಾರು ಕಂಡರೆ ಚೆಂಡು ಮರೆಯುತ್ತಿದ್ದ. ಪಬ್‌ನವರು, "ಏನೋ ಮದುಮಗ, ಇವತ್ತಾ?" ಎಂದು ಕೇಳುವುದು ವಾಡಿಕೆಯಾಯಿತು. ಮಾರ್ಚ್ ಮತ್ತೆ ಬಂತು. ಮೂರನೇ ಶನಿವಾರ ಅವಳು ಬೇಕೆಂದೇ ಅವನ ಮನೆಯ ಮುಂದೆ ಕಾರು ನಿಲ್ಲಿಸಿ, ಪಕ್ಕದ ಮನೆಯ ಮುದುಕನ ಕಿವಿ ತೊಳೆದು, ಹಾಗೇ ಹೋದಳು. ಕಿಟಕಿಯಲ್ಲಿ ಅವನು ನಿಂತಿದ್ದ. ಅವಳಿಗೆ ಅದು ಕಂಡಿತ್ತು. ನಾನು ಅವಳನ್ನು ತಪ್ಪು ಎನ್ನುವುದಿಲ್ಲ.

ನನ್ನ ಪಾಲಿನದ್ದು ನನಗೂ ಸಿಕ್ಕಿತು. ಗುರುವಾರ ಬಂದು ರಕ್ತದೊತ್ತಡ ನೋಡಿ, ಅಂಕಿ ಹೇಳಿ, ಮಾತ್ರೆ ಬರೆದು ಹೋಗುತ್ತಾಳೆ. ಟೀ ಕುಡಿತೀಯಾ ಎಂದು ಮೂರು ತಿಂಗಳು ಕೇಳಿದೆ. ಆಮೇಲೆ ಕೇಳುವುದನ್ನು ಬಿಟ್ಟೆ.

ಜನವರಿಯಲ್ಲಿ ಕೊಟ್ಟಿದ್ದ ಆ ಕಾಗದದ ಹದಿನೇಳನೇ ತಿಂಗಳಲ್ಲಿ, ಜೂನ್‌ನ ಒಂದು ಬುಧವಾರ ಬೆಳಿಗ್ಗೆ ಹತ್ತಕ್ಕೆ, ಕೊಲ್ಲಿಯ ಮೇಲೆ ತುಂತುರು ಹಿಡಿದಿದ್ದಾಗ ಹೀತ್‌ಗೆ ಫೋನ್ ಬಂತು. ಅವನು ಸೊಂಟದ ಮಟ್ಟದ ನೀರಿನಲ್ಲಿ ಕಂಬಗಳ ನಡುವೆ ಇದ್ದ. "ಯವೊನ್ ಮನೆ ವರಾಂಡ. ಈಗ." ಅಷ್ಟೇ ಹೇಳಿ ಇಟ್ಟಳಂತೆ. ರಬ್ಬರ್ ಉಡುಪು ತೊಟ್ಟು, ಕೆಸರು, ಸಿಂಪಿ ವಾಸನೆ ಸಮೇತ ಅವನು ಬಂದು ನಿಂತ. ಅವಳು ಕೆಲಸದ ಬಟ್ಟೆಯಲ್ಲಿದ್ದಳು. ಸಾಕ್ಷಿಗೆ ಅವಳು ಕರೆಸಿದ್ದು ಗ್ಲೆನಿಸ್ ಮತ್ತು ಡೇಮನ್. ಹೊಸ ಬಟ್ಟೆ ತರಲೂ ಬಿಡಲಿಲ್ಲ, ಕೈ ತೊಳೆಯಲು ಮಾತ್ರ ಬಿಟ್ಟಳು. ಹತ್ತು ನಿಮಿಷದಲ್ಲಿ ಮುಗಿಯಿತು. ಹನ್ನೊಂದೂವರೆಗೆ ಅವಳಿಗೆ ಇನ್ನೊಂದು ಊರಿನಲ್ಲಿ ರೋಗಿ ಇದ್ದ.

ಇದನ್ನೆಲ್ಲ ಗ್ಲೆನಿಸ್ ಅಂಗಡಿಯಲ್ಲಿ ನನಗೆ ಹೇಳಿದಳು.

"ನಿನ್ನನ್ನೂ ಕರೀಬೇಕು ಅಂದೆ. ಬೇಡ ಅಂದ್ಲು," ಎಂದಳು, ಡಬ್ಬಿಗಳ ಸಾಲು ನೋಡುತ್ತಾ.

"ಅಣ್ಣ ತಮ್ಮ ಏನಾದ್ರೂ ಮಾತಾಡಿದ್ರಾ?"

"ಸಹಿ ಮಾಡೋಕೆ ಪೆನ್ನು ಇದೆಯಾ ಅಂತ ಹೀತ್ ಕೇಳಿದ. ಡೇಮನ್ ಕೊಟ್ಟ."

ಈಗ ಡೇಮನ್ ಅಣ್ಣನ ದೋಣಿಯಲ್ಲೇ ಕೆಲಸಕ್ಕಿದ್ದಾನೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ ಎನ್ನುತ್ತಾರೆ. ಮೊನ್ನೆ ಅಂಚೆ ಕಚೇರಿಯ ಮುಂದೆ ಅವನು ಎದುರಾದ. ನನ್ನ ಕೈಯಲ್ಲಿ ಭಾರದ ಚೀಲವಿತ್ತು. ತಗೋತೀನಿ ಕೊಡಿ ಬೆವ್ ಎಂದ. ಬೇಡ ಎಂದೆ. ಅವನ ಮೇಲಿನ ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ಚೀಲ ಹೊತ್ತುಕೊಂಡೇ ಮನೆಯವರೆಗೆ ನಡೆದೆ, ದಾರಿಯಲ್ಲಿ ಮೂರು ಕಡೆ ಕೆಳಗಿಡಬೇಕಾಯಿತು.